ಗಿಡ ನೆಡೋದು ಬಿಡಿ ಸ್ವಾಮಿ, ಬೆಳೆಯೋದಕ್ಕೆ ಬಿಡಿ!

ಜೂನ್ ಐದು ಬಂತೆಂದರೆ ನಮ್ಮ ತುಮಕೂರಿನಲ್ಲಿ ಗಿಡ ನೆಡುವ ಜ್ವರ ಶುರು. ಒಂದು ಸಸಿ, ಅದನ್ನು ಹಿಡಿದುಕೊಂಡ ಹತ್ತು ಕೈ, ಹಿಂದೆ ಒಂದು ಬ್ಯಾನರ್, ಮುಂದೆ ಒಂದು ಕ್ಯಾಮೆರಾ. ಮಾರನೇ ದಿನ ಪೇಪರಿನಲ್ಲಿ ಫೋಟೋ. ಮುಂದಿನ ವರ್ಷ ಅದೇ ಗುಂಡಿ, ಅದೇ ಬ್ಯಾನರ್, ಸಸಿ ಮಾತ್ರ ಹೊಸದು! ಕೆ.ಎಂ. ಮುನ್ಷಿಯವರು 1950ರಲ್ಲಿ ವನಮಹೋತ್ಸವ ಶುರು ಮಾಡಿದಾಗಿನಿಂದ ಇಡೀ ದೇಶದಲ್ಲಿ ಎಷ್ಟು ಗುಂಡಿ ತೋಡಿದ್ದೇವೋ ಆ ದೇವರೇ ಬಲ್ಲ.

ತಮಾಷೆ ಇರಲಿ. ರಸ್ತೆ ಬದಿ, ಶಾಲೆಯ ಅಂಗಳ, ಕೆರೆ ಏರಿಯ ಕೆಳಗೆ ಗಿಡ ನೆಡೋದಕ್ಕೆ ನನ್ನ ತಕರಾರಿಲ್ಲ. ನೆಟ್ಟವರು ನೀರು ಹಾಕಲಿ ಅಷ್ಟೇ. ನನ್ನ ತಕರಾರು ಇರೋದು ಗುಡ್ಡಗಳ ಮೇಲೆ, ಗೋಮಾಳಗಳಲ್ಲಿ, ಕಾವಲುಗಳಲ್ಲಿ ಜೆಸಿಬಿ ತಂದು ಸಾಲುಗುಂಡಿ ತೋಡುವುದರ ಬಗ್ಗೆ. "ಬೋಳು ಗುಡ್ಡ ಕಣ್ರೀ, ಹಸಿರು ಮಾಡ್ತಿದೀವಿ" ಅಂತ ಹೆಮ್ಮೆಯಿಂದ ಹೇಳುತ್ತಾರಲ್ಲ, ಆ ಗುಡ್ಡ ನಿಜಕ್ಕೂ ಬೋಳಾ ಅಂತ ಒಮ್ಮೆ ಬಗ್ಗಿ ನೋಡಿದ್ದಾರಾ?

ನಮ್ಮ ಹಳೆಯ ಪಹಣಿ, ಸರ್ವೆ ಪುಸ್ತಕಗಳ ಮಾತುಗಳನ್ನೇ ನೋಡಿ. ಗೋಮಾಳ, ಕಾವಲು, ಹುಲ್ಲುಬನ್ನಿ ಖರಾಬು, ಬೀಳು, ಗುಂಡುತೋಪು. ದನ ಮೇಯುವ ಜಾಗಕ್ಕೆ ಒಂದು ಹೆಸರು, ಹುಲ್ಲಿಗೆ ಅಂತ ಕಾದಿಟ್ಟ ಜಾಗಕ್ಕೆ ಇನ್ನೊಂದು, ಉಳುಮೆ ಬಿಟ್ಟಿದ್ದಕ್ಕೆ ಮತ್ತೊಂದು, ಮರ ಬೆಳೆಸಿದ ಜಾಗಕ್ಕೆ ಮಗದೊಂದು. ನಮ್ಮ ಹಿರಿಯರಿಗೆ ಇವೆಲ್ಲ ಬೇರೆ ಬೇರೆ ಅಂತ ಗೊತ್ತಿತ್ತು. ಈಗ ಫೈಲಿನವರು ಅದೆಲ್ಲವನ್ನೂ "ಬಂಜರು" ಅನ್ನುತ್ತಾರೆ, ಸೈಟು ಮಾಡುವವರು "ಖಾಲಿ ಜಾಗ" ಅನ್ನುತ್ತಾರೆ, ಪರಿಸರಪ್ರೇಮಿಗಳಾದ ನಾವು "ಬೋಳು ಗುಡ್ಡ" ಅನ್ನುತ್ತೇವೆ. ಮೂರೂ ಮಾತಿನ ಅರ್ಥ ಒಂದೇ: ಇಲ್ಲಿ ಏನೂ ಇಲ್ಲ, ಏನಾದರೂ ತಂದು ಹಾಕೋಣ!

ಕಾವಲು ಅಂದರೆ ಸುಮ್ಮನೆ ಬಿದ್ದ ಜಾಗವಲ್ಲ. ಮೈಸೂರು ಅರಸರ ಬೆಣ್ಣೆ ಚಾವಡಿ, ಆಮೇಲೆ ಟಿಪ್ಪು ಕಾಲಕ್ಕೆ ಅಮೃತಮಹಲ್ ಆಗಿ, ಆ ದನಗಳಿಗಾಗಿ ಸಂಸ್ಥಾನದ ಉದ್ದಕ್ಕೂ ಕಾವಲುಗಳನ್ನು ಕಾದಿರಿಸಿದ್ದರು. ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಗೂ ಮೀರಿ ಇತ್ತು. ಬೇಸಿಗೆಗೆ ಒಂದು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು ಅಂತ ವಿಂಗಡಿಸಿ ದನ ಹೊಡೆದುಕೊಂಡು ಹೋಗುತ್ತಿದ್ದರು. ಅಂದರೆ ಮೇಯಿಸುವುದು, ಹುಲ್ಲಿಗೆ ಬಿಡುವು ಕೊಡುವುದು, ಎರಡೂ ಗೊತ್ತಿದ್ದ ಜನ.

ಈಗ ಗುಬ್ಬಿ ತಾಲೂಕಿಗೆ ಬನ್ನಿ. ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ. 2016ರಲ್ಲಿ ಶಂಕುಸ್ಥಾಪನೆ, 2023ರ ಫೆಬ್ರವರಿಯಲ್ಲಿ ಉದ್ಘಾಟನೆ. ಕಾರ್ಖಾನೆ ಬಂದದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ, ನಮ್ಮ ಕಡೆ ಹುಡುಗರಿಗೂ ಕೆಲಸ ಬೇಕಲ್ಲ. ಆದರೆ ಊರ ಹೆಸರಲ್ಲೇ "ಕಾವಲು" ಅಂತ ಇದ್ದರೂ ಅಲ್ಲಿ ಏನನ್ನು ಕಾಯುತ್ತಿದ್ದರು ಅಂತ ನಮ್ಮಲ್ಲಿ ಎಷ್ಟು ಜನ ಕೇಳಿದೆವು? ಕುಣಿಗಲ್ಲಿನ ಕಥೆ ಇನ್ನೊಂದು. ಟಿಪ್ಪು ಕಾಲದಿಂದಲೂ ಕುದುರೆ ಸಾಕುತ್ತಿದ್ದ ಸ್ಟಡ್ ಫಾರ್ಮ್ ಜಾಗದಲ್ಲಿ ಟೌನ್‌ಶಿಪ್ ಮಾಡುವ ಪ್ರಸ್ತಾಪ 2024ರಲ್ಲಿ ಬಂದು ವಿರೋಧವೂ ಎದ್ದಿತು. ಹುಲ್ಲಿಗೂ ಒಂದು ಬೆಲೆ ಇದೆ ಅಂತ ದನ-ಕುದುರೆಗೆ ಗೊತ್ತಿರೋದು ನಮಗೆ ಗೊತ್ತಾಗಲಿಲ್ಲ ನೋಡಿ.

ಇರಲಿ, ವಿಷಯಕ್ಕೆ ಬರೋಣ. ನಾನು ಹೇಳಬೇಕು ಅಂತಿರೋದು ಇಷ್ಟೇ. ನಮ್ಮ ಜಿಲ್ಲೆಯ ಹುಲ್ಲು ನೆಲದಲ್ಲಿ ಎರಡು ಜಾತಿ ಇದೆ. ಒಂದು, ಹಿಂದೆ ಕುರುಚಲು ಕಾಡಿದ್ದು, ಕಡಿದು, ಸುಟ್ಟು, ಈಗ ಬರೀ ಹುಲ್ಲು ಕಾಣುವ ಜಾಗ. ಇನ್ನೊಂದು, ಮೊದಲಿನಿಂದಲೂ ಹುಲ್ಲೇ ಆಗಿರುವ ಜಾಗ. ಮೊದಲನೆಯದರಲ್ಲಿ ಕಾಡು ತಾನಾಗಿ ವಾಪಸ್ ಬರುತ್ತೆ, ನಾವು ಅಡ್ಡ ನಿಲ್ಲದೆ ಸ್ವಲ್ಪ ಕೈ ಜೋಡಿಸಿದರೆ ಸಾಕು. ಎರಡನೆಯದರಲ್ಲಿ ಮರ ನೆಡುವುದು ಅಂದರೆ ಕೆರೆ ಮುಚ್ಚಿ ಪಾರ್ಕ್ ಮಾಡಿದ ಹಾಗೆ. ಎರಡಕ್ಕೂ ಜೆಸಿಬಿ ಬೇಡ.

ಮೊದಲನೆಯದಕ್ಕೆ ನಮ್ಮ ದೇವರಾಯನದುರ್ಗವೇ ಉದಾಹರಣೆ. ವಾರಾಂತ್ಯಕ್ಕೆ ನಾಮದ ಚಿಲುಮೆಗೆ ಹೋಗಿ ಬರುವವರೆಲ್ಲ ನೋಡಿರುತ್ತೀರಿ. ಬೇಸಿಗೆಯಲ್ಲಿ ಬೆಂಕಿ ಬಿದ್ದು ಗುಡ್ಡದ ಮಗ್ಗುಲು ಕರ್ರಗಾಗಿರುತ್ತೆ. ಒಂದೆರಡು ಮಳೆ ಬೀಳಲಿ, ಬುಡದಿಂದ ಚಿಗುರು ಎದ್ದಿರುತ್ತೆ. ನೆಲದ ಮೇಲೆ ಏನೂ ಇಲ್ಲ ಅಂದರೆ ಕೆಳಗೂ ಏನಿಲ್ಲ ಅಂತ ಅಲ್ಲ. ಹತ್ತಾರು ವರ್ಷದ ಬೇರು ಅಲ್ಲೇ ಕೂತಿರುತ್ತೆ. ಆ ಬೇರಿನ ಗಿಡಕ್ಕೂ ನರ್ಸರಿಯ ಪ್ಲಾಸ್ಟಿಕ್ ಚೀಲದ ಸಸಿಗೂ ಎಲ್ಲಿಯ ಹೋಲಿಕೆ? ಆರೇಳು ನೂರು ಮಿಲಿಮೀಟರ್ ಮಳೆಯ ಊರು ನಮ್ಮದು, ಅದೂ ಕೈಕೊಡುವುದು ಜಾಸ್ತಿ. ಚೀಲದ ಸಸಿ ಮೊದಲ ಬೇಸಿಗೆಯಲ್ಲೇ ಒಣಗಿ ಹೋಗುತ್ತೆ. ಹಳೆ ಬೇರಿನ ಚಿಗುರಿಗೆ ಬರ ಅನ್ನೋದು ಹೊಸದೇನಲ್ಲ.

ಇಂಥ ಜಾಗದಲ್ಲಿ ಮೊದಲು ಬರುವುದು ಮರ ಅಲ್ಲ, ಪೊದೆ. ಬಂದರೆ, ತಂಗಡಿ, ಕಾರೆ, ಕವಳೆ, ಎಲಚಿ, ಲಕ್ಕಿ. ನೋಡೋಕೆ ಚೆಂದವಿಲ್ಲ, ಮುಳ್ಳು ಬೇರೆ. "ಗಿಡಗಂಟಿ" ಅಂತ ಕಿತ್ತು ಹಾಕಿ ಗುಂಡಿ ತೋಡುವವರು ಮೊದಲು ಕಳೆದುಕೊಳ್ಳುವುದು ಇವನ್ನೇ. ಆದರೆ ಕೆಲಸವೆಲ್ಲ ಇವುಗಳದ್ದೇ ಸ್ವಾಮಿ! ಕಾರೆ, ಕವಳೆ, ಎಲಚಿ ಹಣ್ಣಿಗೆ ಹಕ್ಕಿ ಬರುತ್ತೆ. ಹಕ್ಕಿ ಇನ್ನೆಲ್ಲೋ ತಿಂದ ಬೀಜವನ್ನು ಇಲ್ಲಿ ಪೊದೆಯ ಕೆಳಗೆ ಉದುರಿಸುತ್ತೆ. ಅಲ್ಲಿ ನೆರಳಿದೆ, ಉದುರಿದ ಎಲೆಯ ಗೊಬ್ಬರ ಇದೆ, ಮೇಕೆ ಬಾಯಿ ಹಾಕದಂತೆ ಮುಳ್ಳಿನ ಬೇಲಿ ಇದೆ. ಮೂರು ನಾಲ್ಕು ವರ್ಷದಲ್ಲಿ ಆ ಪೊದೆಯ ನೆತ್ತಿ ಸೀಳಿಕೊಂಡು ಒಂದು ತುಗ್ಗಲಿಯೋ, ಬೇವೋ, ಕಕ್ಕೆಯೋ ಮೇಲೆದ್ದು ಬರುತ್ತೆ. ಟ್ರೀಗಾರ್ಡ್ ಬೇಡ, ಟ್ಯಾಂಕರ್ ಬೇಡ, ಉದ್ಘಾಟನೆಯಂತೂ ಬೇಡವೇ ಬೇಡ.

ಶ್ರೀಗಂಧದ ವಿಷಯವೇ ತೆಗೆದುಕೊಳ್ಳಿ. ಗಂಧದ ಗಿಡ ಒಂಟಿಯಾಗಿ ಬದುಕುವುದಿಲ್ಲ, ಪಕ್ಕದ ಗಿಡದ ಬೇರಿಗೆ ತನ್ನ ಬೇರು ಕಚ್ಚಿ ಆಹಾರ ಹೀರುತ್ತೆ. ಹಣ್ಣು ತಿಂದ ಪಿಕಳಾರ, ಕೋಗಿಲೆಗಳೇ ಅದರ ಬೀಜ ಹರಡುವುದು. ಅದಕ್ಕೇ ಹಳೆಯ ಅರಣ್ಯ ಇಲಾಖೆಯವರು ಗಂಧ ಬೆಳೆಸಬೇಕಾದರೆ ಪೊದೆಗಳ ಬುಡಕ್ಕೆ ಕೋಲಿನಿಂದ ತೂತು ಮಾಡಿ ಬೀಜ ಊರುತ್ತಿದ್ದರು. ಪೊದೆ ಕಡಿಯುತ್ತಿರಲಿಲ್ಲ, ಪೊದೆಯನ್ನೇ ದಾದಿ ಮಾಡಿಕೊಳ್ಳುತ್ತಿದ್ದರು. ನೂರು ವರ್ಷದ ಹಿಂದೆ ಗೊತ್ತಿದ್ದ ವಿದ್ಯೆ ಇದು!

ಇನ್ನೂ ಒಂದು ಮಾತು. ಕುರುಚಲು ಕಾಡು ಅಂದರೆ ದೊಡ್ಡ ಕಾಡಾಗಲಾರದೆ ಸೋತ ಕಾಡು ಅಂತ ತಿಳಿಯಬೇಡಿ. ಹಳದಿ ಕತ್ತಿನ ಪಿಕಳಾರ ಅಂತ ಒಂದು ಹಕ್ಕಿ ಇದೆ. ದಕ್ಷಿಣ ಭಾರತದ ಬಂಡೆಗುಡ್ಡಗಳ ಕುರುಚಲಿನಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅದು ನಮ್ಮ ದೇವರಾಯನದುರ್ಗದಲ್ಲಿದೆ. ಆಗುಂಬೆಯಂಥ ಕಾಡು ಬೆಳೆಸಿಕೊಟ್ಟರೆ ಅದಕ್ಕೇನು ಪ್ರಯೋಜನ ಹೇಳಿ?

ಈಗ ಎರಡನೇ ಜಾತಿಗೆ ಬರೋಣ. ಮಧುಗಿರಿ ತಾಲೂಕಿನ ಮೈದನಹಳ್ಳಿ. ಆಂಧ್ರದ ಗಡಿಗೆ ಅಂಟಿಕೊಂಡಿರುವ 798 ಎಕರೆ ಹುಲ್ಲುಗಾವಲು, 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಅಂತ ಘೋಷಣೆಯಾಯಿತು. ಕೃಷ್ಣಮೃಗಕ್ಕೆ ಕಣ್ಣೇ ಆಧಾರ, ಕಾಲೇ ಆಯುಧ. ದೂರದಿಂದಲೇ ಶತ್ರುವನ್ನು ನೋಡಬೇಕು, ಓಡಬೇಕು. ಅಂಥ ಬಯಲಿಗೆ ಮರ ತುಂಬಿದರೆ ಅದರ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ.

ಇದು ಬರೀ ಕಲ್ಪನೆಯಲ್ಲ, ರಾಣೆಬೆನ್ನೂರಿನಲ್ಲಿ ಆಗಿ ಹೋಗಿದೆ. ಅಲ್ಲಿನ ಬಯಲಿನಲ್ಲಿ 1950ರ ದಶಕದಿಂದ ನೀಲಗಿರಿ ನೆಡುತ್ತಾ ಹೋದರು. 1974ರಲ್ಲಿ 119 ಚದರ ಕಿಲೋಮೀಟರ್ ವನ್ಯಧಾಮ ಆಯಿತು, ಆದರೆ ಅಷ್ಟರಲ್ಲಿ ಬಹುಪಾಲು ಜಾಗ ನೀಲಗಿರಿ ತೋಪಾಗಿತ್ತು. ಕೃಷ್ಣಮೃಗ ಹೇಗೋ ಹೊಂದಿಕೊಂಡು ಉಳಿಯಿತು. ಅದೇ ಬಯಲಿನಲ್ಲಿ ಓಡಾಡುತ್ತಿದ್ದ ಎರ್ಲಡ್ಡು ಹಕ್ಕಿ ಈಗ ಅಲ್ಲಿಲ್ಲ. ಇಡೀ ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿವೆ. ಆ ಹಕ್ಕಿಯ ನೆಲೆ ಕಳೆದದ್ದರಲ್ಲಿ ನಾವು ನೆಟ್ಟ ಮರಗಳ ಪಾಲೂ ಇದೆ. ಗಿಡ ನೆಟ್ಟರೆ ಪುಣ್ಯ ಅಂತಾರಲ್ಲ, ಎಲ್ಲಿ ನೆಟ್ಟರೂ ಪುಣ್ಯವಲ್ಲ.

ಇದೇ ಜಗಳ ಪ್ರಪಂಚದ ಮಟ್ಟದಲ್ಲೂ ನಡೆದಿದೆ. 2019ರಲ್ಲಿ "ಸೈನ್ಸ್" ಪತ್ರಿಕೆಯಲ್ಲಿ ಒಂದು ಲೇಖನ ಬಂತು, ಭೂಮಿಯಲ್ಲಿ ಇನ್ನೂ 90 ಕೋಟಿ ಹೆಕ್ಟೇರ್ ಮರಗಳಿಗೆ ಜಾಗ ಇದೆ ಅಂತ. ಹುಲ್ಲುಗಾವಲಿನ ವಿಜ್ಞಾನಿಗಳು ಕೂಡಲೇ ಎದ್ದು ನಿಂತರು: ಸ್ವಾಮಿ, ನೀವು ನಮ್ಮ ಹುಲ್ಲುಗಾವಲನ್ನೆಲ್ಲ ಖಾಲಿ ಜಾಗ ಅಂತ ಲೆಕ್ಕ ಹಾಕಿದ್ದೀರಿ! ಬೆಂಗಳೂರಿನ ಎನ್‌ಸಿಬಿಎಸ್‌ನ ಜಯಶ್ರೀ ರತ್ನಂ, ಮಹೇಶ್ ಶಂಕರನ್ ಮೊದಲಾದವರು ಅದಕ್ಕೂ ಮುಂಚಿನಿಂದಲೇ ಹೇಳುತ್ತಿದ್ದಾರೆ, ನಾವು "ಕೆಟ್ಟುಹೋದ ಕಾಡು" ಅನ್ನುವ ಎಷ್ಟೋ ಜಾಗ ನಿಜವಾಗಿ ಹುಲ್ಲು-ಮರ ಜೊತೆಗೇ ಇರುವ ಸವನ್ನಾ ಅಂತ. ಹುಲ್ಲು ಇಂಗಾಲವನ್ನು ಹೆಚ್ಚಾಗಿ ಮಣ್ಣೊಳಗೆ, ಬೇರಿನಲ್ಲಿ ಬಚ್ಚಿಡುತ್ತೆ. ಫೋಟೋದಲ್ಲಿ ಕಾಣುವುದಿಲ್ಲ, ಅಷ್ಟೇ.

ನಮ್ಮ ಜಿಲ್ಲೆಯಲ್ಲೇ ಅಂಥದ್ದೂ ಇದೆ. ಶಿರಾ ತಾಲೂಕಿನ ಬುಕ್ಕಾಪಟ್ಟಣ. ದಾರಿಹೋಕರಿಗೆ ಅದೊಂದು ಒಣಗಿದ ಕುರುಚಲು. ಸಂಜಯ್ ಗುಬ್ಬಿಯವರ ತಂಡದ ಕ್ಯಾಮೆರಾದಲ್ಲಿ ಅಲ್ಲಿ ಚಿಂಕಾರ ಸಿಕ್ಕಿತು. 2019ರಲ್ಲಿ 136 ಚದರ ಕಿಲೋಮೀಟರ್ ಜಾಗ ಚಿಂಕಾರ ವನ್ಯಜೀವಿ ಧಾಮವಾಯಿತು. ಅಲ್ಲಿ ಯಾರೂ ಹೊಸದಾಗಿ ಚಿಂಕಾರ ತಂದು ಬಿಡಲಿಲ್ಲ. ಇದ್ದದ್ದನ್ನು ನೋಡಿದರು, ಅಷ್ಟೇ.

ಹಾಗಾದರೆ ಒಂದು ಜಾಗ ಯಾವ ಜಾತಿಯದು ಅಂತ ಗೊತ್ತಾಗೋದು ಹೇಗೆ? ಇದಕ್ಕೆ ಡಾಕ್ಟರೇಟ್ ಬೇಕಿಲ್ಲ. ಹಳೇ ಮೋಟುಗಳಿವೆಯಾ, ಮೊಣಕಾಲೆತ್ತರದ ಚಿಗುರುಗಳ ಗುಂಪು ಇದೆಯಾ ನೋಡಿ. ಇದ್ದರೆ ಅಲ್ಲಿ ಕಾಡಿತ್ತು. ಒಂದು ಗೇಣು ಮಣ್ಣು, ಅದರ ಕೆಳಗೆ ಬರೀ ಗರಸು ಅಥವಾ ಬಂಡೆ, ಮೇಲೆ ಬಾದೆಹುಲ್ಲು, ಹಂಚಿಕಡ್ಡಿ, ಅಲ್ಲೊಂದು ಇಲ್ಲೊಂದು ಜಾಲಿ, ಸರ್ವೆ ಪುಸ್ತಕದಲ್ಲಿ ಕಾವಲು ಅಂತ ಹೆಸರು, ಇಷ್ಟೂ ಇದ್ದರೆ ಹುಲ್ಲಿಗೇ ಬಿಡಿ. ಅಲ್ಲಿ ದನ ಕಾಯುವ ಅಜ್ಜನನ್ನು ಕೇಳಿ, ಅವರ ಅಪ್ಪನ ಕಾಲದಲ್ಲಿ ಏನಿತ್ತು ಅಂತ. ಎಲ್ಲಕ್ಕಿಂತ ಮಿಗಿಲಾಗಿ, ಎರಡು ಮೂರು ಮಳೆಗಾಲ ಸುಮ್ಮನೆ ಕಾದು ನೋಡಿ. ನೆಲವೇ ಹೇಳುತ್ತೆ.

ಹಸಿರೆಲ್ಲ ಒಂದೇ ಅಂತಲೂ ಅಲ್ಲ. ಬಿಟ್ಟರೆ ಲಂಟಾನ, ಬಳ್ಳಾರಿ ಜಾಲಿ ಬಂದು ಮುಚ್ಚಿಕೊಳ್ಳುತ್ತಲ್ಲ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಎರಡೂ ಅಮೆರಿಕ ಖಂಡದಿಂದ ಬಂದವು. ಬೆಳೆಯಲು ಬಿಡಿ ಅಂದರೆ ಇವನ್ನೂ ಬಿಡಿ ಅಂತಲ್ಲ. ನಮ್ಮ ಶ್ರಮದಾನ ಬೇಕಿರೋದು ಇಲ್ಲಿ. ಲಂಟಾನವನ್ನು ಮೇಲೆ ಕಡಿದರೆ ನಾಲ್ಕರಷ್ಟು ಚಿಗುರುತ್ತೆ. ನೆಲದ ಕೆಳಗೆ ಬೇರಿನ ತಲೆ ಕತ್ತರಿಸಿ, ಕಿತ್ತ ಗಿಡವನ್ನು ಬುಡಮೇಲಾಗಿ ಒಣಗಲು ಇಡಬೇಕು. ಒಂದೇ ಸಲ ಇಡೀ ಗುಡ್ಡ ಬೋಳಿಸದೆ, ತುಂಡು ತುಂಡಾಗಿ ತೆಗೆದು, ನಮ್ಮ ಕಾರೆ-ಕವಳೆ ಬರುತ್ತಾ ಅಂತ ನೋಡಿಕೊಂಡು ಮುಂದುವರಿಯಬೇಕು. ಗಿಡ ನೆಡುವ ಹತ್ತು ನಿಮಿಷದ ಕಾರ್ಯಕ್ರಮಕ್ಕಿಂತ ಇದು ಕಷ್ಟ, ನಿಜ. ಫೋಟೋ ಕೂಡ ಚೆನ್ನಾಗಿ ಬರೋಲ್ಲ!

ಇನ್ನು ಮುಖ್ಯವಾದ ಪ್ರಶ್ನೆ. ಇದನ್ನು ಹಾರಿಸಿ ಮುಂದೆ ಹೋದರೆ ನಾನು ಬರೆದದ್ದಕ್ಕೆಲ್ಲ ಬೆಲೆಯಿಲ್ಲ. ಚಿರತೆ.

2019ರ ಕೊನೆಯಿಂದ 2020ರ ಮೊದಲ ತಿಂಗಳುಗಳವರೆಗೆ ತುಮಕೂರು, ಗುಬ್ಬಿ, ಕುಣಿಗಲ್ ತಾಲೂಕುಗಳು ಕೂಡುವ ಹಳ್ಳಿಗಳಲ್ಲಿ ಏನಾಯಿತು ಅಂತ ನಮ್ಮ ಕಡೆಯವರಿಗೆ ನೆನಪಿದೆ. ಚಿಕ್ಕ ಮಕ್ಕಳೂ ಸೇರಿ ಜನ ಚಿರತೆಗೆ ಬಲಿಯಾದರು. ಸಂಜೆ ಆದರೆ ಮಕ್ಕಳನ್ನು ಹೊರಗೆ ಬಿಡಲು ಜನ ಹೆದರುತ್ತಿದ್ದರು. ಅಂಥ ಊರಿನಲ್ಲಿ ನಿಂತು "ಪೊದೆ ಬೆಳೆಯಲು ಬಿಡಿ" ಅಂದರೆ, "ನಿಮ್ಮ ಮಗೂನ ಇಲ್ಲಿ ಕಳಿಸ್ತೀರಾ?" ಅಂತ ಕೇಳುತ್ತಾರೆ. ಕೇಳಲೇಬೇಕು. ನಗರದಲ್ಲಿ ಫ್ಯಾನ್ ಕೆಳಗೆ ಕೂತು ಬರೆಯುವ ನನ್ನಂಥವನು ಉತ್ತರ ಕೊಡಲೇಬೇಕು.

ನನ್ನ ಉತ್ತರ ಹೀಗಿದೆ. ಮನೆ, ಹಟ್ಟಿ, ಶಾಲೆ, ಮಕ್ಕಳು ಓಡಾಡುವ ದಾರಿ, ಇವುಗಳ ಸುತ್ತ ಪೊದೆ ಇರಬಾರದು. ಅದನ್ನು ಪಂಚಾಯ್ತಿಯೇ ವರ್ಷಕ್ಕೆರಡು ಸಲ ಸವರಿಸಬೇಕು, ಬೀದಿ ದೀಪ ಹಾಕಿಸಬೇಕು. ಇದರಲ್ಲಿ ಪರಿಸರದ ಹೆಸರಲ್ಲಿ ಯಾರೂ ಅಡ್ಡ ಬರಬಾರದು. ಆದರೆ ಅದೇ ಭಯದಲ್ಲಿ ಎರಡು ಮೈಲಿ ಆಚೆಯ ಗುಡ್ಡವನ್ನೂ ಬೋಳಿಸಿದರೆ ಚಿರತೆ ಎಲ್ಲಿಗೆ ಹೋಗುತ್ತೆ? ನಮ್ಮ ಅಡಿಕೆ ತೋಟಕ್ಕೆ, ಕಬ್ಬಿನ ಗದ್ದೆಗೆ, ಕೊನೆಗೆ ಬೀದಿನಾಯಿ ಇರುವ ಊರ ಅಂಚಿಗೆ. ಹಿಡಿದು ಬೇರೆ ಕಾಡಿಗೆ ಬಿಟ್ಟರೆ ಮುಗಿಯಿತು ಅಂತಲೂ ಅಲ್ಲ. ಮಹಾರಾಷ್ಟ್ರದ ಜುನ್ನರ್ ಕಡೆ ಹಾಗೆ ಹಿಡಿದು ಬಿಟ್ಟ ಮೇಲೆ ಜನರ ಮೇಲಿನ ದಾಳಿ ಹೆಚ್ಚಾಯಿತು ಅಂತ ವಿದ್ಯಾ ಆತ್ರೇಯ ಮತ್ತು ಜೊತೆಯವರ ಅಧ್ಯಯನ ತೋರಿಸಿದೆ. ಗುಡ್ಡ ಗುಡ್ಡವಾಗಿ, ಮೊಲ-ನವಿಲು-ಕಾಡುಹಂದಿ ಇರುವ ಹಾಗೆ ಉಳಿದರೆ ಚಿರತೆಗೂ ಅಲ್ಲೇ ಇರಲು ಒಂದು ಕಾರಣ ಇರುತ್ತೆ. ಇದು ಗ್ಯಾರಂಟಿ ಕಾರ್ಡ್ ಅಲ್ಲ. ಆದರೆ ಎಲ್ಲ ಬೋಳಿಸುವುದಕ್ಕಿಂತ ಇದರಲ್ಲಿ ಅಪಾಯ ಕಡಿಮೆ ಅನ್ನೋದು ನನ್ನ ನಂಬಿಕೆ.

ಮರೆಯಬಾರದ ಇನ್ನೊಂದು ಗುಂಪು ಕುರಿ-ಮೇಕೆಯವರು. ಗೊಲ್ಲರಹಟ್ಟಿಗಳು, ಕುರುಬರ ಮನೆಗಳು ಈ ಹುಲ್ಲನ್ನೇ ನಂಬಿವೆ. ಕಾಡು ಬರಬೇಕು ಅಂತ ತಂತಿಬೇಲಿ ಹಾಕಿ ಅವರನ್ನು ಹೊರಗಿಟ್ಟರೆ, ಒಂದು ರಾತ್ರಿ ಬೆಂಕಿ ಬೀಳುತ್ತೆ, ಬೇಲಿ ಮುರಿಯುತ್ತೆ, ಎಲ್ಲ ಮುಗಿಯಿತು. ಹಳೇ ಕಾವಲಿನ ಪದ್ಧತಿಯೇ ವಾಸಿ. ಒಂದು ಭಾಗಕ್ಕೆ ಈ ವರ್ಷ ಬಿಡುವು, ಇನ್ನೊಂದರಲ್ಲಿ ಮೇವು, ಮುಂದಿನ ವರ್ಷ ಅದಲು ಬದಲು. ಯಾವ ಭಾಗ ಅಂತ ಅವರೇ ಕೂತು ಹೇಳಲಿ. 1983ರ ಆಗಸ್ಟಿನಲ್ಲಿ ಇದೇ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು ಹಾಕಿ ಹುಣಸೆ, ಮಾವಿನ ಬೀಜ ಊರಿದ್ದರು. ಯಾವ ಗಿಡ ಬೇಕು, ಯಾವುದು ಬೇಡ ಅಂತ ನಮ್ಮ ಹಳ್ಳಿಯವರಿಗೆ ಗೊತ್ತಿತ್ತು. ಸರ್ಕಾರ ಹೊಸ ನೀಲಗಿರಿ ನೆಡದಂತೆ ಆದೇಶ ಹೊರಡಿಸಿದ್ದು 2017ರಲ್ಲಿ. ಮೂವತ್ನಾಲ್ಕು ವರ್ಷ ಬೇಕಾಯಿತು!

ಕೊನೆಗೆ ನನ್ನ ಬೇಡಿಕೆ ಪಟ್ಟಿ, ಯಾರಾದರೂ ಕೇಳಿಸಿಕೊಂಡರೆ:

1. ಗುಡ್ಡ, ಗೋಮಾಳ, ಕಾವಲಿನಲ್ಲಿ ಗುಂಡಿ ತೋಡುವ ಮೊದಲು ಅಲ್ಲಿ ಈಗಾಗಲೇ ಏನು ಚಿಗುರಿದೆ ಅಂತ ಎಣಿಸಿ. ಚಿಗುರಿದ್ದರೆ ಗುಂಡಿ ಬೇಡ.

2. ನೆಟ್ಟ ಸಸಿಯ ಲೆಕ್ಕ ಸಾಕು. ಐದು ವರ್ಷದ ಮೇಲೆ ಬದುಕಿದ್ದರ ಲೆಕ್ಕ ಕೊಡಿ, ತಾನಾಗಿ ಬಂದದ್ದನ್ನೂ ಸೇರಿಸಿ.

3. ಸಸಿಯ ದುಡ್ಡಿನಲ್ಲಿ ಬೇಸಿಗೆಗೆ ಮುಂಚೆ ಬೆಂಕಿರೇಖೆ ಮಾಡಿಸಿ, ಊರಿನ ನಾಲ್ಕು ಹುಡುಗರನ್ನೇ ಬೆಂಕಿ ಕಾಯಲು ಇಟ್ಟುಕೊಳ್ಳಿ.

4. ಲಂಟಾನ, ಬಳ್ಳಾರಿ ಜಾಲಿ ತೆಗೆಯುವುದಕ್ಕೆ ಶಾಲಾ-ಕಾಲೇಜಿನ ಶ್ರಮದಾನ ಇಡಿ. ಕಾರೆ, ಕವಳೆ ಗುರುತಿಸುವುದನ್ನು ಮಕ್ಕಳಿಗೆ ಮೊದಲು ಕಲಿಸಿ.

5. ನಿಜವಾದ ಹುಲ್ಲುಗಾವಲಿಗೆ "ಹುಲ್ಲುಗಾವಲು" ಅಂತಲೇ ಫೈಲಿನಲ್ಲಿ ಬರೆಯಿರಿ. ಬಂಜರು ಅನ್ನೋ ಪದ ಇರೋ ತನಕ ಯಾರೋ ಒಬ್ಬರು ಅಲ್ಲಿಗೆ ಏನನ್ನೋ ತರುತ್ತಲೇ ಇರುತ್ತಾರೆ.

6. ಮರ ನೆಡಲೇಬೇಕು ಅಂತ ಕೈ ತುರಿಸುತ್ತಿದ್ದರೆ ನಮ್ಮ ಹಳ್ಳಿಗಳ ಗುಂಡುತೋಪುಗಳು ಇವೆಯಲ್ಲ, ಒತ್ತುವರಿ ಬಿಡಿಸಿ ಅಲ್ಲಿ ಹುಣಸೆ, ಹೊಂಗೆ, ಮಾವು, ನೇರಳೆ ನೆಡಿ. ಅದು ಅದಕ್ಕೇ ಅಂತ ಇಟ್ಟ ಜಾಗ.

ಏನೂ ಮಾಡದೆ ಕಾಯೋದು ಸೋಮಾರಿತನ ಅಂತ ನಮಗೆ ಅನ್ನಿಸುತ್ತೆ. ಆದರೆ ಬೆಂಕಿ ಬೀಳದ ಹಾಗೆ, ಕೊಡಲಿ ಬೀಳದ ಹಾಗೆ, ಲೇಔಟ್ ಆಗದ ಹಾಗೆ ಐದು ವರ್ಷ ಒಂದು ಗುಡ್ಡವನ್ನು ಕಾಯೋದಿದೆಯಲ್ಲ, ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದಿಲ್ಲ. ಕಾವಲು ಅನ್ನೋ ಪದದ ಅರ್ಥವೇ ಅದು.

ನಿಮ್ಮೂರ ಪಕ್ಕದ ಗುಡ್ಡ ಯಾವ ಜಾತಿಯದು? ಈ ಮಳೆಗಾಲದಲ್ಲಿ ಒಮ್ಮೆ ಹತ್ತಿ, ಬಗ್ಗಿ ನೋಡಿ ಬನ್ನಿ. ಏನು ಚಿಗುರಿತ್ತು ಅಂತ ಇಲ್ಲಿ ಬರೆಯಿರಿ. ನನ್ನ ಮಾತು ಒಪ್ಪದಿದ್ದರೂ ಬರೆಯಿರಿ, ಜಗಳ ಆಡೋಣ :-)